ಅಮ್ಮನ ಬೆರಳಿಗೆ ಸಿಗುವ ನಂಬರು

ಊರಿನಿಂದ ಅಪ್ಪ-ಅಮ್ಮ ಬಂದರೆಂದರೆ ಡುಲುತ್‌ನ ನಮ್ಮ ಮನೆಯಲ್ಲಿ ಮೊದಲ ಕೆಲಸ ಕಾರ್ಡ್‌ಲೆಸ್ ಫೋನಿಗೆ ನಂಬರು ತುಂಬುವುದು. ಮೊಬೈಲ್ ಕೊಟ್ಟರೆ ಎಲ್ಲೋ ಇಟ್ಟು ಮರೆಯುತ್ತಾರೆ. ನಾವು ಆಫೀಸಿಗೆ ಹೋದ ಮೇಲೆ ಅವರಿಗೆ ಇದೇ ಗತಿ.

ನಮ್ಮ ಫೋನಿನಲ್ಲಿ ಹೆಸರು ಮೂಡುವುದು ಇಂಗ್ಲಿಷಿನಲ್ಲಿ. ಅಮ್ಮನಿಗೆ ಓದಲು ಬರುವುದು ಕನ್ನಡ ಮಾತ್ರ. ಹಾಗಾಗಿ ಸ್ಪೀಡ್ ಡಯಲ್ಲೇ ವಾಸಿ. 1 ವಾಯ್ಸ್‌ಮೇಲಿಗೆ ಹೋಯಿತು. 2 ಒತ್ತಿ ಹಿಡಿದರೆ ನಾನು, 3 ನನ್ನಾಕೆ, 4 ಪಕ್ಕದ ಮನೆಯ ತೆಲುಗಿನವರು. ಅಟ್ಲಾಂಟಾ ಸುತ್ತಮುತ್ತ ಪಕ್ಕದ ಮನೆಗೂ 10 ಅಂಕಿ ಬೇಕು, 770 ಬಿಟ್ಟು ಸೇವ್ ಮಾಡಬೇಡಿ. ಬೆಂಗಳೂರಿನ ಲ್ಯಾಂಡ್‌ಲೈನಿಗೆ 011, 91, ಆಮೇಲೆ 80. (ಕಾಲಿಂಗ್ ಕಾರ್ಡ್ ಕಾಲದಲ್ಲಿ ಪಿನ್ ನಂಬರಿಗೆ ಮುಂಚೆ 'ಪಾಸ್' ಸೇರಿಸುವ ಸರ್ಕಸ್ ಬೇರೆ ಇತ್ತು!)

911 ಮಾತ್ರ ಸ್ಪೀಡ್ ಡಯಲ್ಲಿಗೆ ಹಾಕಿಲ್ಲ. ಕೈತಪ್ಪಿ ಒತ್ತಿದರೆ ಪೊಲೀಸರು ಬಾಗಿಲಿಗೆ ಬಂದಾರು. ಊರಿನ 108 ಇಲ್ಲಿ ನಡೆಯದೆಂದು ಇಬ್ಬರಿಗೂ ಹೇಳಿ, 911 ಬಾಯಿಪಾಠ ಮಾಡಿಸಿದ್ದೇನೆ. ಮನೆ ವಿಳಾಸವನ್ನು ಕನ್ನಡ ಅಕ್ಷರದಲ್ಲೇ ಬರೆದು ಫೋನಿನ ಪಕ್ಕ ಅಂಟಿಸಿದ್ದೇನೆ, ಗಾಬರಿಯಲ್ಲಿ ಅಮ್ಮನೂ ಓದಿ ಹೇಳಬಹುದು. ಇಂಟರ್ನೆಟ್ ಫೋನಾದರೆ, ಮನೆ ಬದಲಿಸಿದಾಗ ಕಂಪನಿಗೂ ಹೊಸ ವಿಳಾಸ ಕೊಡಿ. ಇಲ್ಲವಾದರೆ ಆಂಬುಲೆನ್ಸ್ ಹಳೇ ಮನೆಗೆ ಹೋದೀತು.