ಟವೆಲ್ ಕೆಳಗೆ ಒಣಗುವ ಬಟ್ಟೆ

ಪ್ರತಿ ವರ್ಷ ಸಂಚಿಕೆ ತಯಾರಾಗುವ ಹೊತ್ತಿಗೆ ನಮ್ಮ ಸಂಪಾದಕ ಮಂಡಳಿಯವರು ಫೋನ್ ಮಾಡಿ, "ಮೇಡಂ, ಆರೋಗ್ಯದ ಬಗ್ಗೆ ಎರಡು ಪುಟ ಬರೆದುಕೊಡಿ" ಎನ್ನುತ್ತಾರೆ. ಶುಗರ್ ಮಾತ್ರೆ, ಬಿ.ಪಿ. ಮಾತ್ರೆ, ಆ್ಯಂಟಿಬಯೋಟಿಕ್ ಮೂರೂ ಆಗಿವೆ. ಈ ಸಲ "ವಿಷಯ ನೀವೇ ಆರಿಸಿಕೊಳ್ಳಿ" ಅಂದರು. "ಬ್ರಾ ಬಗ್ಗೆ ಬರೆಯುತ್ತೇನೆ, ಅದೂ ಸೇಲ್‌ನಲ್ಲಿ ಕೊಳ್ಳುವ ಬ್ರಾ ಬಗ್ಗೆ" ಅಂದೆ. ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ, "ಬರೀರಿ ಮೇಡಂ, ನಮ್ಮ ಮನೆಯವರು ಓದುತ್ತಾರೆ" ಎಂದು ಫೋನ್ ಇಟ್ಟರು.

ಮನೆಯವರ ಜೊತೆಗೆ ನೀವೂ ಓದಿ ಎಂದು ಗಂಡಸರಲ್ಲಿ ನನ್ನ ಮನವಿ. ಕಾರಣ ಕೊನೆಗೆ ತಿಳಿಯುತ್ತದೆ.

ನಾನು ಮಲೆನಾಡಿನವಳು. ನಮ್ಮಜ್ಜಿ ಅದನ್ನು 'ಬಾಡಿ' ಅನ್ನುತ್ತಿದ್ದರು. ಒಗೆದ ಮೇಲೆ ಅದು ಹಗ್ಗದ ಮೇಲೆ ಒಂಟಿಯಾಗಿ ಬಿಸಿಲು ಕಂಡದ್ದೇ ಇಲ್ಲ. ಮೇಲೊಂದು ಟವೆಲ್ಲೋ ಹಳೇ ಸೀರೆಯೋ ಇರಲೇಬೇಕು. ಅಂಗಡಿಯಲ್ಲಿ ಅದನ್ನು ಪೇಪರಿನಲ್ಲಿ ಸುತ್ತಿ, ಕಪ್ಪು ಕವರಿನಲ್ಲಿ ಹಾಕಿ ಕೊಡುತ್ತಿದ್ದರು. ಅಳತೆ ತೆಗೆದವರು ಯಾರೂ ಇಲ್ಲ. "ಹೋದ ಸಲದ್ದೇ ಸೈಜ್" ಎಂಬುದೇ ಅಳತೆ. ಡಿ.ಫಾರ್ಮಾ ಮುಗಿಸಿ 2006ರಲ್ಲಿ ದಮ್ಮಾಮಿನ ಆಸ್ಪತ್ರೆಯೊಂದಕ್ಕೆ ಬಂದಾಗ ನನ್ನ ಸೂಟ್‌ಕೇಸಿನಲ್ಲಿ ಅಂಥವೇ ಆರು ಇದ್ದವು.

ಅವು ಹಳತಾದ ಮೇಲೆ ಶುರುವಾಯಿತು ಪಜೀತಿ. ಆಗ ಇಲ್ಲಿ ಒಳಉಡುಪಿನ ಅಂಗಡಿಗಳಲ್ಲೂ ಮಾರುತ್ತಿದ್ದವರು ಗಂಡಸರೇ. ಹೆಂಗಸರು ಕಾರು ಓಡಿಸಬಾರದು, ಗಂಡಸರ ಜೊತೆ ಕೆಲಸ ಮಾಡಬಾರದು ಎಂಬಷ್ಟು ಬಿಗಿಯಿದ್ದ ಕಾಲದಲ್ಲಿ, ಹೆಂಗಸರ ಒಳಉಡುಪನ್ನು ಮಾತ್ರ ಅಪರಿಚಿತ ಗಂಡಸೊಬ್ಬ ಅಬಾಯದ ಮೇಲಿಂದಲೇ ಅಂದಾಜು ಮಾಡಿ ಎತ್ತಿಕೊಡುತ್ತಿದ್ದ. ಹಾಕಿ ನೋಡಲು ಟ್ರಯಲ್ ರೂಮ್ ಇರಲಿಲ್ಲ. ಕೊಂಡ ಮೇಲೆ ಮಾಲ್‌ನ ಟಾಯ್ಲೆಟ್ಟಿಗೆ ಹೋಗಿ ಹಾಕಿ ನೋಡುವುದು, ಆಗದಿದ್ದರೆ ಮತ್ತೆ ಅದೇ ಮನುಷ್ಯನ ಮುಂದೆ ನಿಲ್ಲುವುದು. ಹಾಗೆ ನಿಲ್ಲುವ ಬದಲು ಬಿಗಿಯಾದದ್ದನ್ನೇ ಹಾಕಿಕೊಂಡು ಓಡಾಡಿದವರು ನನ್ನ ಹಾಗೆ ಎಷ್ಟೋ ಜನ. ನಮ್ಮೆಜಮಾನರು ಜೊತೆಗೆ ಬಂದು, ಅಂಗಡಿಯ ಹೊರಗೆ ಮೊಬೈಲ್ ಅಂಗಡಿಯ ಗಾಜಿನ ಕಡೆ ಮುಖ ಮಾಡಿ ನಿಲ್ಲುತ್ತಿದ್ದರು.

ಈ ಮುಜುಗರ ನಮ್ಮಂಥ ಹೊರಗಿನವರಿಗಷ್ಟೇ ಇತ್ತು ಅಂದುಕೊಂಡಿದ್ದೆ. ಸೌದಿ ಹೆಂಗಸರಿಗೆ ನಮಗಿಂತ ಹೆಚ್ಚು ಸಿಟ್ಟಿತ್ತು. ಈ ಅಂಗಡಿಗಳಲ್ಲಿ ಹೆಂಗಸರೇ ಇರಬೇಕು ಎಂಬ ಆದೇಶವನ್ನು ಆಗಿನ ಕಾರ್ಮಿಕ ಸಚಿವ ಘಾಜಿ ಅಲ್ ಗೊಸೈಬಿ ತಂದಿದ್ದರೂ ಅದು ಜಾರಿಗೆ ಬಂದಿರಲಿಲ್ಲ. ಮುಂದೆ ಜೆದ್ದಾದ ದಾರ್ ಅಲ್ ಹಿಕ್ಮಾ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ರೀಮ್ ಅಸಾದ್ ಎಂಬುವರು ಫೇಸ್‌ಬುಕ್ಕಿನಲ್ಲಿ ಆಂದೋಲನ ಶುರುಮಾಡಿದರು. ಗಂಡಸರು ಮಾರುವ ಅಂಗಡಿಯಲ್ಲಿ ಕೊಳ್ಳಬೇಡಿ ಎಂದು ಕರೆಕೊಟ್ಟರು. 2011ರ ಜೂನ್‌ನಲ್ಲಿ ದೊರೆ ಅಬ್ದುಲ್ಲಾ ಅವರ ಆದೇಶವಾಯಿತು. 2012ರ ಜನವರಿಯ ಮೊದಲ ವಾರದಿಂದ ಒಳಉಡುಪಿನ ಅಂಗಡಿಗಳಿಗೆ ಹೆಂಗಸರು ಬಂದರು. ಆ ಕೆಲಸಕ್ಕೆ 28,000ಕ್ಕೂ ಹೆಚ್ಚು ಹೆಂಗಸರು ಅರ್ಜಿ ಹಾಕಿದ್ದಾರೆಂದು ಆಗ ಪೇಪರುಗಳಲ್ಲಿ ಬಂದಿತ್ತು. ಬ್ರಾ ಮಾರುವ ಕೆಲಸ ಅಷ್ಟೊಂದು ಮನೆಗಳ ಹೆಣ್ಣುಮಕ್ಕಳಿಗೆ ಸಂಬಳದ ದಾರಿಯಾಗಿ ಕಂಡಿತ್ತು.

ನನ್ನ ಎದೆಯ ಸುತ್ತಳತೆಯನ್ನು ಮೊದಲ ಸಲ ಟೇಪ್ ಹಿಡಿದು ನೋಡಿದವಳು ಅಂಥ ಒಬ್ಬ ಹುಡುಗಿ. ನನಗಾಗ ಮೂವತ್ತು ದಾಟಿತ್ತು. "ಮದಾಮ್, ನೀವು ಹಾಕುತ್ತಿರುವುದು ಎರಡು ಸೈಜ್ ತಪ್ಪು" ಎಂದಳು. ಹದಿನೈದು ವರ್ಷದ ಹೆಗಲುನೋವು ಒಂದು ತಿಂಗಳಲ್ಲಿ ಅರ್ಧ ಇಳಿಯಿತು.

ಅಲ್ಲಿಂದ ನನಗೆ ಸೇಲ್‌ಗೆ ಹೋಗುವ ಹುಚ್ಚು ಹಿಡಿಯಿತು. ಪೂರ್ತಿ ಬೆಲೆ ಕೊಟ್ಟು ಹೆಸರಾಂತ ಕಂಪನಿಯದ್ದು ಕೊಳ್ಳುವುದು ನಮ್ಮಂಥವರಿಗೆ ಆಗದ ಮಾತು. 240 ರಿಯಾಲಿನ ಬ್ರಾ ಎಪ್ಪತ್ತು ಪರ್ಸೆಂಟ್ ಇಳಿದು 72ಕ್ಕೆ ಬಂದರೆ ಕೈ ಮುಂದೆ ಹೋಗುತ್ತದೆ. ಇಟಲಿಯ ಬೊಲೊನ್ಯದಲ್ಲಿ ಆದಾ ಮಸೋಟಿ ಎಂಬ ಹೊಲಿಗೆಯಾಕೆ 1954ರಲ್ಲಿ ಶುರುಮಾಡಿದ ಲಾ ಪೆರ್ಲಾ, 1876ರಿಂದ ಇರುವ ಫ್ರಾನ್ಸಿನ ಶಾಂತೆಲ್, ಇವುಗಳ ಪೂರ್ತಿ ಬೆಲೆ ನೋಡಿದರೆ ಊರಿಗೆ ಕಳಿಸುವ ಡ್ರಾಫ್ಟು ನೆನಪಾಗುತ್ತದೆ.

ನ್ಯೂಯಾರ್ಕಿನಂಥ ಕಡೆ 'ಸ್ಯಾಂಪಲ್ ಸೇಲ್' ಎಂದೇ ನಡೆಯುತ್ತದೆ. ಹೊಸ ಡಿಸೈನ್ ಮಾರುಕಟ್ಟೆಗೆ ಬರುವ ಮೊದಲು ತೋರಿಸಲೆಂದು ಒಂದೆರಡು ತುಂಡು ಹೊಲಿದಿರುತ್ತಾರೆ. ಅವನ್ನೂ ಉಳಿದ ಮಾಲನ್ನೂ ಕಡಿಮೆಗೆ ಮಾರುತ್ತಾರೆ. ಸ್ಯಾಂಪಲ್ ಸಾಮಾನ್ಯವಾಗಿ ಒಂದೇ ಅಳತೆಯಲ್ಲಿ, ಹೆಚ್ಚಾಗಿ 34ಬಿಯಲ್ಲಿ, ಇರುತ್ತದೆ. ಆ ಅಳತೆಯವರು ಪುಣ್ಯವಂತರು. ನಮ್ಮ ಬೆಂಗಳೂರಿನಲ್ಲಿ ಮಾರತ್ತಹಳ್ಳಿಯ ಫ್ಯಾಕ್ಟರಿ ಔಟ್‌ಲೆಟ್‌ಗಳೂ, 'ಎಕ್ಸ್‌ಪೋರ್ಟ್ ಸರ್‌ಪ್ಲಸ್' ರಾಶಿಯೂ ಇದರ ತಂಗಿಯರೇ. ಇಲ್ಲಿ ಸೌದಿಯಲ್ಲಿ ಸೀಸನ್ ಮುಗಿದಾಗ, ಫೆಬ್ರವರಿ 22ರ ಸಂಸ್ಥಾಪನಾ ದಿನಕ್ಕೆ, ಸೆಪ್ಟೆಂಬರ್ 23ರ ರಾಷ್ಟ್ರೀಯ ದಿನಕ್ಕೆ, ನವೆಂಬರಿನ 'ವೈಟ್ ಫ್ರೈಡೇ'ಗೆ ಮಾಲ್‌ಗಳು ಕೆಂಪು ಬೋರ್ಡು ಹಾಕುತ್ತವೆ. 'ತಖ್ಫೀದಾತ್' ಅಂದರೆ ರಿಯಾಯಿತಿ, 'ತಸ್ಫಿಯಾ' ಅಂದರೆ ಇದ್ದದ್ದೆಲ್ಲ ಖಾಲಿ ಮಾಡುವ ಮಾರಾಟ. ಎರಡನೆಯದರಲ್ಲೇ ಒಳ್ಳೆಯ ಬೇಟೆ.

ಇಷ್ಟು ವರ್ಷದ ಅನುಭವದಿಂದ ನಾಲ್ಕು ಮಾತು.

ಮೊದಲು ಬೋರ್ಡು ನೋಡಿ. ಇಲ್ಲಿ ರಿಯಾಯಿತಿ ಹಾಕುವ ಅಂಗಡಿ ವಾಣಿಜ್ಯ ಸಚಿವಾಲಯದ ಪರವಾನಗಿ ಪಡೆದು, ಅದನ್ನು ಕಾಣುವಂತೆ ಅಂಟಿಸಬೇಕು. ಅದರ ಮೇಲಿನ ಕೋಡನ್ನು ಮೊಬೈಲಿನಲ್ಲಿ ಸ್ಕ್ಯಾನ್ ಮಾಡಬಹುದು. ಹಳೇ ಬೆಲೆ, ಹೊಸ ಬೆಲೆ ಎರಡೂ ಚೀಟಿಯಲ್ಲಿರಬೇಕು. 2020ರ ಜುಲೈಯಿಂದ ಶೇಕಡಾ 15 ಆಗಿರುವ ವ್ಯಾಟ್ ಬರೆದ ಬೆಲೆಯಲ್ಲೇ ಸೇರಿರಬೇಕು. ತಕರಾರಿದ್ದರೆ 1900ಕ್ಕೆ ಫೋನ್ ಮಾಡಿ. ಒಳಉಡುಪನ್ನು ಹಲವು ಅಂಗಡಿಗಳು ವಾಪಸ್ ತೆಗೆದುಕೊಳ್ಳುವುದಿಲ್ಲ, ದುಡ್ಡು ಕೊಡುವ ಮೊದಲೇ ಕೇಳಿ.

ಎರಡನೆಯದು ಅಳತೆ. ಸೇಲ್ ರಾಶಿಯಲ್ಲಿ ಮೂರು ದೇಶದ ನಂಬರು ಬೆರೆತಿರುತ್ತದೆ. ನಮ್ಮೂರಿನ, ಇಂಗ್ಲೆಂಡಿನ 34 ಜರ್ಮನಿಯ ಚೀಟಿಯಲ್ಲಿ 75, ಫ್ರಾನ್ಸಿನದರಲ್ಲಿ 90. 90 ನೋಡಿ ಹೆದರಿ ಬಿಟ್ಟುಬಂದವರನ್ನು ನಾನು ಕಂಡಿದ್ದೇನೆ. ಮನೆಯಲ್ಲೇ ಟೇಪ್ ಹಿಡಿಯಿರಿ. ಎದೆಯ ಕೆಳಗಿನ ಸುತ್ತಳತೆ 75 ಸೆಂಟಿಮೀಟರ್, ಎದೆಯ ಮೇಲಿನದು 92 ಆದರೆ ವ್ಯತ್ಯಾಸ 17. ಯೂರೋಪಿನ ಲೆಕ್ಕದಲ್ಲಿ ಅದು 75ಸಿ. ನಿಮ್ಮ ಸೈಜ್ ಮುಗಿದಿದ್ದರೆ ಅಕ್ಕಪಕ್ಕದ ಸೈಜ್ ನೋಡಬಹುದು. 34ಸಿಯ ಬಟ್ಟಲೂ 36ಬಿಯ ಬಟ್ಟಲೂ ಹೆಚ್ಚುಕಡಿಮೆ ಒಂದೇ, ಸುತ್ತಿನ ಪಟ್ಟಿ ಮಾತ್ರ ಸಡಿಲ. ಆದರೆ ಭಾರ ಹೊರುವುದು ಹೆಚ್ಚಾಗಿ ಆ ಪಟ್ಟಿಯೇ, ಹೆಗಲಿನ ದಾರ ಅಲ್ಲ. ಬೆನ್ನಿನಲ್ಲಿ ಪಟ್ಟಿ ಮೇಲೇರಿದರೆ ಅದು ದೊಡ್ಡದು, ಎಷ್ಟೇ ಅಗ್ಗವಿದ್ದರೂ ಬಿಡಿ.

ಮೂರನೆಯದು ಎಲಾಸ್ಟಿಕ್. ಹಳೇ ಸ್ಟಾಕು ಎಲ್ಲಿ ಎಷ್ಟು ಸೆಖೆಯಲ್ಲಿ ಕೂತಿತ್ತೋ ಹೇಳಲಾಗದು. ಸ್ಪ್ಯಾಂಡೆಕ್ಸ್ ನೂಲಿಗೆ ಬಿಸಿ ಆಗದು. ಪಟ್ಟಿಯನ್ನು ಎಳೆದು ಬಿಡಿ. ಚಟ್ಟನೆ ಹಿಂದೆ ಬರದಿದ್ದರೆ ವಾಪಸ್ ಇಡಿ. ಹೊಸದನ್ನು ಕೊನೆಯ, ಅಂದರೆ ಅತಿ ಸಡಿಲದ, ಹುಕ್ಕಿಗೆ ಹಾಕಿದಾಗ ಸರಿಯಾಗಿರಬೇಕು. ದಿನ ಕಳೆದಂತೆ ಸಡಿಲವಾದಾಗ ಒಳಗಿನ ಹುಕ್ಕುಗಳು ಇರುತ್ತವೆ.

ನಾಲ್ಕನೆಯದು ನನ್ನ ಕೌಂಟರಿನ ಮಾತು. ಬೇಸಗೆಯಲ್ಲಿ ಎದೆಯ ಕೆಳಗಿನ ಮಡಿಕೆಯಲ್ಲಿ ಕೆಂಪಗೆ ತುರಿಕೆ ಎಂದು ಬರುವ ನಮ್ಮ ಹೆಂಗಸರು ಬಹಳ. ಬೆವರು, ಬಿಗಿ, ಅರ್ಧ ಒಣಗಿದ ಬಟ್ಟೆ ಸೇರಿದರೆ ಅದು ಫಂಗಸ್‌ನ ತವರುಮನೆ. ಇಷ್ಟು ಬಿಸಿಲಿನ ದೇಶಕ್ಕೆ ಬಂದೂ ಟವೆಲ್ ಕೆಳಗೆ ಒಣಗಿಸುವುದನ್ನು ನಾವು ಬಿಟ್ಟಿಲ್ಲ! ಅದಕ್ಕೆ ಊರಿನಿಂದ ತಂದ ಟ್ಯೂಬು ಹಚ್ಚುತ್ತಾರೆ. ಅಂಥ ಎಷ್ಟೋ ಟ್ಯೂಬುಗಳಲ್ಲಿ ಫಂಗಸ್ ಔಷಧಿಯ ಜೊತೆ ಬಲವಾದ ಸ್ಟಿರಾಯ್ಡ್ ಇರುತ್ತದೆ. ತುರಿಕೆ ಎರಡು ದಿನದಲ್ಲಿ ನಿಲ್ಲುತ್ತದೆ, ಫಂಗಸ್ ಒಳಗೊಳಗೇ ಹಬ್ಬುತ್ತದೆ, ಚರ್ಮ ತೆಳುವಾಗುತ್ತದೆ. ದಯವಿಟ್ಟು ಡಾಕ್ಟರಿಗೆ ತೋರಿಸಿ. ತೊಟ್ಟಿನ ಮೇಲೆ, ಅದೂ ಒಂದೇ ಕಡೆ, ಮಾಯದ ಕಜ್ಜಿಯಂತಿದ್ದರೆ ಮುಲಾಮು ಹುಡುಕುತ್ತಾ ಕೂರಬೇಡಿ, ಅದು ಬೇರೆಯೇ ಕಾಯಿಲೆ ಇರಬಹುದು.

ಈಗ ಈ ಲೇಖನಕ್ಕೆ ಕಾರಣವಾದ ದಿನಕ್ಕೆ ಬರುತ್ತೇನೆ.

ಎರಡು ವರ್ಷದ ಹಿಂದಿನ ಸೆಪ್ಟೆಂಬರ್. ಮಾಲ್ ತುಂಬ ಹಸಿರು ಬಾವುಟ. ನಮ್ಮ ಸಂಘದವರೇ ಆದ ಒಬ್ಬರು, ನಾನು ಅಕ್ಕ ಅನ್ನುತ್ತೇನೆ, ನನ್ನ ಜೊತೆ ಬಂದಿದ್ದರು. ಐವತ್ತು ದಾಟಿದವರು. ಕಾರು ಓಡಿಸಿದ್ದೂ ಅವರೇ. 2018ರಲ್ಲಿ ಹೆಂಗಸರಿಗೆ ಅವಕಾಶ ಆದ ಮೇಲೆ ಲೈಸೆನ್ಸ್ ಮಾಡಿಸಿದವರು. ಈಗ ಟ್ರಯಲ್ ರೂಮ್ ಇದೆಯಲ್ಲ, ಪರದೆಯ ಹಿಂದಿನಿಂದಲೇ ಅಕ್ಕನ ಮಾತು ನಡೆದಿತ್ತು. "ಇದು ಎಡಗಡೆ ಬಿಗಿ ಕಣೇ. ಎಪ್ಪತ್ತು ಪರ್ಸೆಂಟ್ ಅಲ್ವಾ, ಹೊಲಿಗೆಯೇ ಸೊಟ್ಟ." ನಾನೂ ಹೂಂ ಅಂದೆ. ಸೇಲ್ಸ್ ಹುಡುಗಿ ಬೇರೆ ಕಂಪನಿಯದ್ದು ಕೊಟ್ಟಳು. "ಇದೂ ಸೊಟ್ಟ" ಅಂದರು. ಮೂರನೆಯದೂ ಹಾಗೇ.

ನನ್ನ ಕೈಯಲ್ಲಿ ನನಗಾಗಿ ಆರಿಸಿಕೊಂಡ ಎರಡು ಇದ್ದವು. ಮೂರು ಕಂಪನಿಯ ಹೊಲಿಗೆ ಒಂದೇ ಕಡೆ ಸೊಟ್ಟವಾಗಲಾರದು ಎಂದು ಹೊಳೆದಾಗ ಅವನ್ನು ಅಲ್ಲೇ ಇಟ್ಟೆ. ಎರಡೂ ಬದಿ ಸ್ವಲ್ಪ ಹೆಚ್ಚುಕಡಿಮೆ ಇರುವುದು ಸಹಜ, ಎಷ್ಟೋ ಜನರಿಗೆ ಹುಟ್ಟಿನಿಂದಲೇ ಹಾಗೆ. ಆದರೆ ಹೊಸದಾಗಿ ಆದ ಬದಲಾವಣೆ ಸಹಜವಲ್ಲ. "ಅಕ್ಕಾ, ಹೋದ ವರ್ಷದ್ದು ಸರಿಯಾಗಿ ಆಗುತ್ತಿತ್ತಾ?" ಎಂದು ಪರದೆಯ ಹತ್ತಿರ ಬಾಯಿಟ್ಟು ಕೇಳಿದೆ. "ಆಗ್ತಿತ್ತಲ್ಲೇ" ಎಂದರು. ಆಮೇಲೆ ಪರದೆಯ ಹಿಂದೆ ಮಾತಿಲ್ಲ. ಹೊರಗೆ ಬಂದು ನಿಧಾನಕ್ಕೆ, "ಎರಡು ತಿಂಗಳಿಂದ ಕೈಗೆ ಏನೋ ಗಟ್ಟಿ ಸಿಗ್ತಿತ್ತು. ಯಾರಿಗೆ ಹೇಳೋದು ಇದನ್ನ" ಅಂದರು.

ಮನೆಯಲ್ಲಿ ಯಜಮಾನರಿದ್ದಾರೆ, ಇಬ್ಬರು ಬೆಳೆದ ಗಂಡುಮಕ್ಕಳಿದ್ದಾರೆ. ಆಸ್ಪತ್ರೆಯಲ್ಲಿ ಕೆಲಸ ಮಾಡುವ ನಾನು ವಾರಕ್ಕೆರಡು ಸಲ ಅವರ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದೆ. ನಾನು ಶುಗರಿನ ಬಗ್ಗೆ ಲೇಖನ ಬರೆದಿದ್ದೆ, ಅಕ್ಕ ಅದನ್ನು ಕತ್ತರಿಸಿ ಫ್ರಿಜ್ಜಿಗೆ ಅಂಟಿಸಿದ್ದರು. ಆದರೂ ಆ ಮಾತು ಹೊರಗೆ ಬರಲು ಒಂದು ಟ್ರಯಲ್ ರೂಮ್ ಬೇಕಾಯಿತು.

ಮರುದಿನವೇ ಡಾಕ್ಟರ್ ಹತ್ತಿರ ಹೋದೆವು. ಮ್ಯಾಮೊಗ್ರಾಂ, ಬಯಾಪ್ಸಿ, ಎಲ್ಲ ಆಯಿತು. ಕ್ಯಾನ್ಸರೇ. ಗಡ್ಡೆ ಚಿಕ್ಕದಿತ್ತು, ಕಂಕುಳಿನ ಗ್ರಂಥಿಗಳಿಗೆ ಹೋಗಿರಲಿಲ್ಲ. ಆಪರೇಷನ್, ಆಮೇಲೆ ರೇಡಿಯೇಷನ್. ಈಗ ಅಕ್ಕ ದಿನಕ್ಕೊಂದು ಮಾತ್ರೆ ತೆಗೆದುಕೊಳ್ಳುತ್ತಾರೆ. ಮಾತ್ರೆಯನ್ನು ಮರೆತರೆ ನಾನು ಬೈಯುತ್ತೇನೆ.

ಆಪರೇಷನ್ ಆದವರಿಗೆ ತಂತಿ ಇಲ್ಲದ, ಮೆತ್ತನೆಯ ಹತ್ತಿಯ, ಮುಂದೆ ಹುಕ್ಕಿರುವ ಬ್ರಾ ಬೇಕು. ಅಂಥದ್ದು ಸೇಲ್ ರಾಶಿಯಲ್ಲಿ ನಮಗೆ ಸಿಗಲಿಲ್ಲ. ಪೂರ್ತಿ ಬೆಲೆಗೆ ತಂದೆವು. ಅದನ್ನು ತರಲು ಈ ಸಲ ಅವರ ಯಜಮಾನರು ಅಂಗಡಿಯ ಒಳಗೇ ಬಂದರು. ಚೀಟಿಯಲ್ಲಿ ಬರೆದುಕೊಂಡಿದ್ದ ಅಳತೆಯನ್ನು ಓದಿ ಹೇಳಿದರು. ಸೇಲ್ಸ್ ಹುಡುಗಿ ನಗಲಿಲ್ಲ, ನಾವೂ ನಗಲಿಲ್ಲ.

ಈ ಲೇಖನವನ್ನು ಮೊದಲು ಅಕ್ಕನಿಗೇ ಓದಿ ಹೇಳಿದೆ. "ಹೆಸರು ಬೇಡ, ಉಳಿದದ್ದೆಲ್ಲ ಹಾಕು" ಅಂದರು. ಆಮೇಲೆ ಎದ್ದು ಬಾಲ್ಕನಿಗೆ ಹೋದರು. ಹಗ್ಗದ ಮೇಲೆ ಅವರ ಮೂರು ಬ್ರಾ ಬಿಸಿಲಿಗೆ ಒಣಗುತ್ತಿದ್ದವು. ಟವೆಲ್ ಪಕ್ಕದ ಹಗ್ಗದಲ್ಲಿತ್ತು.