ಬಣವಿಯ ಬೆಂಕಿಗೆ ಏಣಿ ಬೇಕಿಲ್ಲ: ತಾಲ್ಲೂಕಿನ ಅಗ್ನಿಶಾಮಕ ಠಾಣೆ

ಕರ್ನಾಟಕ ರಾಜ್ಯ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆಗೆ ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಠಾಣೆಗಳಿವೆ. ಹಾವೇರಿ ಜಿಲ್ಲೆಯ ಶಿಗ್ಗಾವಿ, ಸವಣೂರು, ಹಾನಗಲ್, ಹಿರೇಕೆರೂರು ಠಾಣೆಗಳೂ ಅವುಗಳಲ್ಲಿ ಸೇರಿವೆ. ಇಲಾಖೆಯ ಹೆಸರು ಕೇಳಿದೊಡನೆ ಹೆಚ್ಚಿನವರ ಕಣ್ಣಿಗೆ ಬರುವುದು ಬೆಂಗಳೂರಿನ ಬಹುಮಹಡಿ ಕಟ್ಟಡ, ಅದರೆತ್ತರಕ್ಕೆ ಚಾಚಿದ ಏಣಿ. 2023ರ ಜನವರಿಯಲ್ಲಿ 90 ಮೀಟರ್ ಎತ್ತರ ಮುಟ್ಟುವ ಏಣಿ ವಾಹನವನ್ನು ಸೇವೆಗೆ ಒಪ್ಪಿಸಿದವರು ಆಗಿನ ಮುಖ್ಯಮಂತ್ರಿ, ಶಿಗ್ಗಾವಿ ಶಾಸಕರೂ ಆಗಿದ್ದ ಬಸವರಾಜ ಬೊಮ್ಮಾಯಿ. ಆದರೆ ಅವರದೇ ಆಗಿನ ಕ್ಷೇತ್ರದ ಗೊಟಗೋಡಿ ಗ್ರಾಮದಲ್ಲಿ ಆ ಏಣಿಗೆ ಕೆಲಸವಿಲ್ಲ. ಇಲ್ಲಿ ಬೆಂಕಿ ಹತ್ತುವುದು ನೆಲಮಟ್ಟದಲ್ಲೇ. ಮೇವಿನ ಬಣವಿ, ದನದ ಕೊಟ್ಟಿಗೆ, ಗೋವಿನಜೋಳದ ರಾಶಿ, ಕೊಯ್ಲಿಗೆ ಬಂದ ಕಬ್ಬು, ಹೆದ್ದಾರಿಯ ಲಾರಿ ಇವೇ ಅದರ ತುತ್ತು.

ಆಗಿನ ಮೈಸೂರು ರಾಜ್ಯ 1964ರಲ್ಲಿ ಅಗ್ನಿಶಾಮಕ ದಳದ ಕಾಯ್ದೆ ಮಾಡಿತು. 1965ರ ನವೆಂಬರ್ 5ರಿಂದ ಇಲಾಖೆ ಪ್ರತ್ಯೇಕವಾಗಿ ಕೆಲಸ ಆರಂಭಿಸಿತು. ಬೆಂಕಿ ಆರಿಸಲು ಬಾಗಿಲು ಮುರಿದು ಒಳಹೋಗುವ, ಹತ್ತಿರದ ಯಾವುದೇ ನೀರಿನ ಮೂಲ ಬಳಸುವ, ರಸ್ತೆ ಬಂದ್ ಮಾಡಿಸುವ ಅಧಿಕಾರ ಸಿಬ್ಬಂದಿಗೆ ಸಿಕ್ಕಿದ್ದು ಈ ಕಾಯ್ದೆಯಿಂದ. ‘ತುರ್ತು ಸೇವೆ’ ಎಂಬ ಬಾಲಂಗೋಚಿ ಹೆಸರಿಗೆ ಸೇರಿದ್ದು ಆಮೇಲೆ. ತಾಲ್ಲೂಕುಗಳ ಮಟ್ಟಿಗೆ ಹೇಳುವುದಾದರೆ ಅದೇ ಈಗ ಅರ್ಧ ಕೆಲಸ.

ಮೊದಲು ಬಣವಿಯ ವಿಚಾರ. ಹಾನಗಲ್ ಕಡೆ ಭತ್ತದ ಹುಲ್ಲು, ಶಿಗ್ಗಾವಿ–ಸವಣೂರು ಕಡೆ ಜೋಳದ ಕಣಿಕೆ, ಶೇಂಗಾ ಹೊಟ್ಟು. ಸುಗ್ಗಿ ಮುಗಿದ ಮೇಲೆ ಇವೆಲ್ಲ ಹಿತ್ತಲಲ್ಲೋ ಕಣದಲ್ಲೋ ಒತ್ತಾಗಿ ಏರುತ್ತವೆ. ಮಳೆ ಒಳಗಿಳಿಯಬಾರದೆಂದು ಬಿಗಿಯಾಗಿ ಒಟ್ಟಿದ ಬಣವಿಯೊಳಗೆ ಅಗ್ನಿಶಾಮಕದ ನೀರೂ ಇಳಿಯುವುದಿಲ್ಲ. ಹೊರಗಿನ ಜ್ವಾಲೆ ನಿಮಿಷಗಳಲ್ಲಿ ಆರುತ್ತದೆ, ಒಳಗಿನ ಕೆಂಡ ಹಾಗೇ ಉಳಿದು, ಗಾಳಿ ಸಿಕ್ಕಾಗ ಮತ್ತೆ ಏಳುತ್ತದೆ. ಸಾಮಾನ್ಯ ಜಲವಾಹನದಲ್ಲಿ ಹಿಡಿಯುವುದು ಸುಮಾರು 4,500 ಲೀಟರ್. ಪಂಪನ್ನು ಪೂರ್ತಿ ಬಿಟ್ಟರೆ ಅದು ಕೆಲವೇ ನಿಮಿಷದ ಮಾತು. ಹಾಗಾಗಿ ಅನುಭವಿ ಸಿಬ್ಬಂದಿ ಬಂದಕೂಡಲೇ ಎರಡು ವಿಷಯ ಕೇಳುತ್ತಾರೆ: ಹತ್ತಿರ ಕೆರೆಯೋ ಕೃಷಿಹೊಂಡವೋ ಇದೆಯೇ, ಜೆಸಿಬಿ ಸಿಗುತ್ತದೆಯೇ? ಜೆಸಿಬಿ ಬಣವಿಯನ್ನು ಬಿಡಿಸುತ್ತಾ ಹೋಗುತ್ತದೆ, ಹಿಂದೆಯೇ ನೀರು ಬೀಳುತ್ತದೆ. ಹೊತ್ತಿದ ಬಣವಿ ಉಳಿಯುವುದು ಅಪರೂಪ. ಪಕ್ಕದ ಬಣವಿ, ಕೊಟ್ಟಿಗೆ, ಮನೆ ಉಳಿದರೆ ಕೆಲಸ ಸಾರ್ಥಕ.

ಬಣವಿಗೆ ಬೆಂಕಿ ಬೀಳುವ ಕಾರಣಗಳು ಹಳೆಯವೇ. ಬೂದಿಯೊಂದಿಗೆ ತಿಪ್ಪೆಗೆ ಹೋದ ಕೆಂಡ, ಎಸೆದ ಬೀಡಿ, ಹೊಲದಲ್ಲಿ ಕಸ ಸುಟ್ಟ ಕಿಡಿ, ಮೇಲೆ ಹಾದುಹೋದ ವಿದ್ಯುತ್ ತಂತಿ. ಹಸಿಯಾಗಿ ಒಟ್ಟಿದ ಮೇವು ಒಳಗೇ ಕುದಿದು ತಾನಾಗಿ ಹೊತ್ತುವುದೂ ಉಂಟು. ಆಗೆಲ್ಲ ‘ಯಾರೋ ವೈರಿ ಇಟ್ಟ ಬೆಂಕಿ’ ಎಂಬ ಮಾತು ಊರಲ್ಲಿ ಬೇಗ ಹಬ್ಬುತ್ತದೆ.

ಬೆಂಕಿಯಿಲ್ಲದ ಕರೆಗಳೂ ಕಡಿಮೆಯೇನಲ್ಲ: ಬಾವಿಗೆ ಬಿದ್ದ ಎಮ್ಮೆ, ಕೆರೆಯಲ್ಲಿ ಮುಳುಗಿದವರು, ಅಪಘಾತದಲ್ಲಿ ನಜ್ಜುಗುಜ್ಜಾದ ಕ್ಯಾಬಿನ್ನಿನಲ್ಲಿ ಸಿಕ್ಕಿಕೊಂಡ ಚಾಲಕ. ಪುಣೆ–ಬೆಂಗಳೂರು ರಾಷ್ಟ್ರೀಯ ಹೆದ್ದಾರಿ 48 ಶಿಗ್ಗಾವಿ ತಾಲ್ಲೂಕನ್ನು ಸೀಳಿಕೊಂಡು ಹೋಗುವುದರಿಂದ ಕೊನೆಯದು ಇಲ್ಲಿಗೆ ಹೊಸದಲ್ಲ. 2019ರ ಆಗಸ್ಟ್‌ನಲ್ಲಿ ವರದಾ, ಧರ್ಮಾ, ತುಂಗಭದ್ರಾ ಉಕ್ಕಿದಾಗ ನದಿದಂಡೆಯ ಊರುಗಳಿಗೆ ಬೇಕಾದದ್ದು ರಬ್ಬರ್ ದೋಣಿ, ಹಗ್ಗ, ಈಜುಬಲ್ಲ ಕೈಗಳು. 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಪುಟ್ಟ ಮಗು ಕೊಳವೆಬಾವಿಗೆ ಬಿತ್ತು. ಪಕ್ಕದಲ್ಲಿ ಗುಂಡಿ ತೋಡಿ, ಅಡ್ಡ ಸುರಂಗ ಕೊರೆದು, ಸುಮಾರು 20 ಗಂಟೆಗಳ ನಂತರ ಅದನ್ನು ಜೀವಂತ ಹೊರತೆಗೆದ ತಂಡದಲ್ಲಿ ರಾಷ್ಟ್ರೀಯ, ರಾಜ್ಯ ವಿಪತ್ತು ಪಡೆಗಳ ಜೊತೆ ಅಗ್ನಿಶಾಮಕ ಸಿಬ್ಬಂದಿಯೂ ಇದ್ದರು.

ಎಲ್ಲ ಕಡೆ ಅಂಥ ಅದೃಷ್ಟ ಇರುವುದಿಲ್ಲ. 2023ರ ಆಗಸ್ಟ್ 29ರಂದು ಹಾವೇರಿ ಹತ್ತಿರದ ಆಲದಕಟ್ಟಿಯ ಪಟಾಕಿ ಗೋದಾಮಿಗೆ ಬೆಂಕಿ ಬಿದ್ದು ಕೆಲಸಗಾರರು ಒಳಗೇ ಸುಟ್ಟುಹೋದರು. 2024ರ ಡಿಸೆಂಬರ್‌ನಲ್ಲಿ ಹುಬ್ಬಳ್ಳಿಯ ಉಣಕಲ್ಲಿನಲ್ಲಿ ರಾತ್ರಿ ಅಡುಗೆ ಅನಿಲ ಸೋರಿ ಹೊತ್ತಿಕೊಂಡು, ಮಲಗಿದ್ದ ಅಯ್ಯಪ್ಪ ಮಾಲಾಧಾರಿಗಳಿಗೆ ತೀವ್ರ ಸುಟ್ಟಗಾಯಗಳಾದವು. ಹಲವರು ಚಿಕಿತ್ಸೆ ಫಲಿಸದೆ ತೀರಿಕೊಂಡರು. ಇಂಥ ಕಡೆ ವಾಹನ ಹೊರಡುವ ಮೊದಲೇ ಆಗಬಾರದ್ದು ಆಗಿಬಿಡಬಹುದು. ತಾಲ್ಲೂಕು ಕೇಂದ್ರದಿಂದ ಹಳ್ಳಿಗೆ ದೂರವಿರುವಲ್ಲಿ ಮೊದಲ ಹತ್ತು ನಿಮಿಷ ಊರವರದೇ. ಜನಜಾಗೃತಿಯನ್ನು ಇಲಾಖೆಯ ಬಿಡುವಿನ ಕಾರ್ಯಕ್ರಮ ಎಂದು ನೋಡುವುದು ಅದಕ್ಕೇ ತಪ್ಪು.

ಈ ಕೆಲಸಕ್ಕೆ ಹೆಚ್ಚು ಕಳೆ ಬರುವುದು ಏಪ್ರಿಲ್ 14ರಿಂದ 20ರವರೆಗಿನ ಅಗ್ನಿಶಾಮಕ ಸೇವಾ ಸಪ್ತಾಹದಲ್ಲಿ. 1944ರ ಏಪ್ರಿಲ್ 14ರಂದು ಮುಂಬಯಿಯ ವಿಕ್ಟೋರಿಯಾ ಡಾಕ್‌ನಲ್ಲಿ ‘ಫೋರ್ಟ್ ಸ್ಟಿಕೀನ್’ ಹಡಗು ಸ್ಫೋಟಿಸಿ 66 ಅಗ್ನಿಶಾಮಕರು ಮಡಿದರು. ಸಪ್ತಾಹ ಅವರ ನೆನಪಿಗೆ. ಆ ಹಡಗಿನಲ್ಲಿ ಸಿಡಿಮದ್ದಿನ ಜೊತೆ ಇದ್ದದ್ದು ಹತ್ತಿಯ ಅಂಡಿಗೆಗಳು. ಬಿಗಿದ ಹತ್ತಿ ಒಳಗೊಳಗೇ ಹೇಗೆ ಉರಿಯುತ್ತದೆಂಬುದನ್ನು ಹಾವೇರಿ ಸೀಮೆಯ ಹತ್ತಿ ಬೆಳೆಗಾರರಿಗೆ ಬಿಡಿಸಿ ಹೇಳಬೇಕಿಲ್ಲ.

ಶಾಲೆ, ಬಸ್ ನಿಲ್ದಾಣ, ಆಸ್ಪತ್ರೆ, ಪೆಟ್ರೋಲ್ ಬಂಕ್‌ಗಳಲ್ಲಿ ನಡೆಯುವ ಅಣಕು ಪ್ರದರ್ಶನದಲ್ಲಿ ಜನ ಕಣ್ಣು ಮಿಟುಕಿಸದೆ ನೋಡುವುದು ಸಿಲಿಂಡರ್ ಆಟವನ್ನು. ಸಿಬ್ಬಂದಿ ಸಿಲಿಂಡರಿನ ಬಾಯಿಗೆ ಬೆಂಕಿ ಹಚ್ಚುತ್ತಾರೆ. ಜ್ವಾಲೆ ಭುಸುಗುಟ್ಟುತ್ತದೆ, ಮುಂದಿನ ಸಾಲಿನ ಮಕ್ಕಳು ಹಿಂದೆ ಸರಿಯುತ್ತಾರೆ. ನೀರಲ್ಲಿ ಅದ್ದಿದ ಗೋಣಿಚೀಲವನ್ನು ಎದೆಯ ಮುಂದೆ ಹಿಡಿದು ಬಂದ ಸಿಬ್ಬಂದಿ ಅದನ್ನು ಬಾಯಿಗೆ ಹೊದಿಸಿ ಒತ್ತುತ್ತಾರೆ. ಗಾಳಿ ತಪ್ಪಿದ ಬೆಂಕಿ ಅಲ್ಲೇ ಆರುತ್ತದೆ, ಕೈ ರೆಗ್ಯುಲೇಟರಿಗೆ ಹೋಗುತ್ತದೆ. ಆಮೇಲೆ ನೋಡುಗರಲ್ಲೇ ಒಬ್ಬರಿಗೆ ಚೀಲ ಕೊಡುತ್ತಾರೆ. ಭಾಷಣದಿಂದ ಹೋಗದ ಭಯ ಅಲ್ಲಿ ಹೋಗುತ್ತದೆ.

ಅನಿಲದ ವಾಸನೆ ಬಂದಾಗ ಲೈಟ್ ಹಾಕುವುದೂ ತಪ್ಪು, ಆರಿಸುವುದೂ ತಪ್ಪು. ಸ್ವಿಚ್ಚಿನ ಕಿಡಿ ಸಾಕು. ಅಡುಗೆ ಅನಿಲ ಗಾಳಿಗಿಂತ ಭಾರವಾದ್ದರಿಂದ ನೆಲದಲ್ಲೇ ಹರಡಿಕೊಂಡಿರುತ್ತದೆ. ಬಾಗಿಲು, ಕಿಟಕಿ ತೆರೆದು ಎಲ್ಲರೂ ಹೊರಬಂದ ಮೇಲೆ 1906ಕ್ಕೆ ಕರೆ ಮಾಡಬೇಕು. ಬಾಣಲೆಯ ಎಣ್ಣೆ ಹೊತ್ತಿದರೆ ನೀರು ಹಾಕಬಾರದು, ಒಲೆ ಆರಿಸಿ ಮುಚ್ಚಳ ಮುಚ್ಚಬೇಕು. ಗೋಡೆಗೆ ತೂಗುಹಾಕಿದ ನಂದಕದ ಪಿನ್ ಎಳೆದು, ಜ್ವಾಲೆಯ ತುದಿಗಲ್ಲ, ಬುಡಕ್ಕೆ ಗುರಿಯಿಟ್ಟು ಒತ್ತಬೇಕು. ಈ ಪಾಠ ಶಾಲೆಗಷ್ಟೇ ಸಾಲದು. ಗೊಟಗೋಡಿಯಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ, ಕಲಾವಿದ ಟಿ.ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ ರಾಕ್ ಗಾರ್ಡನ್ ಇದೆ. ಹೊರಗಿನವರು ದಿನವೂ ಬರುವ ಇಂಥ ಜಾಗಗಳಲ್ಲಿ, ಜಾತ್ರೆಯ ದಾಸೋಹದ ಅಡುಗೆಮನೆಯಲ್ಲಿ ಇದು ಇನ್ನೂ ಹೆಚ್ಚು ಬೇಕು.

ಬೆಂಕಿ ಕಂಡರೆ 101 ಅಥವಾ 112ಕ್ಕೆ ಕರೆ ಮಾಡಬೇಕು. ಒಂದೇ ಹೆಸರಿನ ಊರುಗಳು ಹಲವಿರುವುದರಿಂದ ಊರಿನ ಜೊತೆ ತಾಲ್ಲೂಕು, ಹತ್ತಿರದ ಗುಡಿಯೋ ಶಾಲೆಯೋ, ಉರಿಯುತ್ತಿರುವುದೇನು, ಒಳಗೆ ಯಾರಾದರೂ ಇದ್ದಾರೆಯೇ ಎಂಬುದನ್ನು ಹೇಳಿ, ದಾರಿ ತೋರಿಸಲು ಒಬ್ಬರನ್ನು ಊರ ಕ್ರಾಸಿಗೆ ಕಳಿಸಬೇಕು. ಬೆಂಕಿ ಆರಿಸುವುದಕ್ಕೆ ಇಲಾಖೆ ಶುಲ್ಕ ಕೇಳುವುದಿಲ್ಲ.