ನಡೆಯುವವರಿಗೂ ದಾರಿ ಬೇಡವೇ?

ದಿಲ್ಲಿಗೆ ಹೊಸದಾಗಿ ಬಂದ ನಮ್ಮ ಕಡೆಯವರು ಮೊಟ್ಟಮೊದಲು ಹೊಗಳುವುದು ಇಲ್ಲಿಯ ರಸ್ತೆಗಳನ್ನು. "ಅಬ್ಬಾ! ಏನು ಅಗಲ, ಏನು ಮರಗಳ ಸಾಲು!" ಎಂದು ಬೆರಗಾಗುತ್ತಾರೆ. ಬೆಂಗಳೂರಿನ ಚಿಕ್ಕಪೇಟೆಯ ಇಕ್ಕಟ್ಟನ್ನೋ ಹುಬ್ಬಳ್ಳಿಯ ದುರ್ಗದಬೈಲಿನ ನೂಕುನುಗ್ಗಲನ್ನೋ ನೋಡಿ ಬಂದ ಕಣ್ಣಿಗೆ ಇದು ಸಹಜವೇ. ಆದರೆ ಅದೇ ಬಂಧುಗಳು ನಮ್ಮಲ್ಲಿ ಹದಿನೈದು ದಿನ ಉಳಿದರೆಂದರೆ ಮಾತಿನ ಧಾಟಿ ಬದಲಾಗುತ್ತದೆ. ಈ ರಸ್ತೆಗಳು ನೋಡುವುದಕ್ಕೆ ಚೆನ್ನ, ದಾಟುವುದಕ್ಕಲ್ಲ ಎಂಬುದು ಅಷ್ಟರಲ್ಲಿ ಅವರ ಅನುಭವಕ್ಕೆ ಬಂದಿರುತ್ತದೆ.

ಈ ನಗರ ಮೊದಲಿನಿಂದಲೂ ಹೀಗಿರಲಿಲ್ಲ. ದಿಲ್ಲಿಯಲ್ಲಿ ಟ್ರಾಮ್ ಓಡುತ್ತಿತ್ತೆಂದರೆ ಇಂದಿನ ಮಕ್ಕಳು ನಂಬಲಾರರು. 1908ರಲ್ಲಿ ಹೊರಟ ಆ ಗಾಡಿ ಜಾಮಾ ಮಸೀದಿ, ಚಾಂದನಿ ಚೌಕ, ಸಬ್ಜಿಮಂಡಿಗಳ ಜನರನ್ನು 1963ರವರೆಗೂ ಹೊತ್ತು ತಿರುಗಿತು. ಹಳೆಯ ದಿಲ್ಲಿಯಲ್ಲಿ ಮನೆ, ಅಂಗಡಿ, ಮಸೀದಿ, ಮಂದಿರ ಎಲ್ಲವೂ ನಾಲ್ಕು ಹೆಜ್ಜೆಗಳ ಅಳತೆಯಲ್ಲಿದ್ದವು. 1931ರಲ್ಲಿ ಉದ್ಘಾಟನೆಯಾದ ಹೊಸದಿಲ್ಲಿಯ ಅಳತೆಯೇ ಬೇರೆ. ಬಂಗಲೆಗೂ ಬಂಗಲೆಗೂ ನಡುವೆ ತೋಟ, ತೋಟಕ್ಕೂ ತೋಟಕ್ಕೂ ನಡುವೆ ರಾಜಬೀದಿ. ಸಾಹೇಬರಿಗೆ ಮೋಟಾರು ಇತ್ತು. ದೂರ ಅವರನ್ನು ಬಾಧಿಸಲಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಸರಕಾರವು ತನ್ನ ನೌಕರರಿಗೆಂದು ವಿನಯನಗರವೇ ಮೊದಲಾದ ವಸತಿಗಳನ್ನು ಕಟ್ಟಿತು. ಇಂದಿನ ಸರೋಜಿನಿ ನಗರದ ಸುತ್ತಮುತ್ತಲ ಪ್ರದೇಶವೇ ಅದು. ಬೆಳಗಾಯಿತೆಂದರೆ ಗುಮಾಸ್ತರು ಊಟದ ಡಬ್ಬಿಯನ್ನು ಸೈಕಲ್ಲಿಗೆ ಸಿಕ್ಕಿಸಿಕೊಂಡು ಸಾಲಾಗಿ ಸೆಕ್ರೆಟೇರಿಯೇಟಿಗೆ ಹೊರಡುತ್ತಿದ್ದರಂತೆ. ನಿವೃತ್ತರಾದ ಹಿರಿಯರು ಇದನ್ನು ಹೇಳುವಾಗ ಇಂದು ಅದೇ ಕೆಲಸ ಮಾಡುವ ನಾವು ಪುರಾಣ ಕೇಳಿದಂತೆ ಕೇಳುತ್ತೇವೆ. ಇಂದು ಆ ರಸ್ತೆಯಲ್ಲಿ ಸೈಕಲ್ ಏರಿ ಹೊರಡುವವನಿಗೆ ಧೈರ್ಯ ಬೇಕು. ಮನೆಯವರಿಗೆ ಅದಕ್ಕಿಂತ ಹೆಚ್ಚಿನ ಧೈರ್ಯ ಬೇಕು.

ನಡುವೆ ಆದದ್ದಿಷ್ಟು. 1962ರಲ್ಲಿ ಜಾರಿಗೆ ಬಂದ ಮೊದಲ ಮಾಸ್ಟರ್ ಪ್ಲಾನು ನಗರವನ್ನು ವಲಯಗಳಾಗಿ ಹಂಚಿತು. ಮನೆ ಒಂದು ಕಡೆ, ಕಚೇರಿ ಇನ್ನೊಂದು ಕಡೆ, ಕಾರ್ಖಾನೆ ಮತ್ತೊಂದು ಕಡೆ. ಉದ್ದೇಶ ಒಳ್ಳೆಯದೇ, ಹೊಗೆ ಕಾರುವ ಕಾರ್ಖಾನೆಯ ಪಕ್ಕದಲ್ಲಿ ಮಕ್ಕಳು ಬೆಳೆಯಬಾರದಷ್ಟೆ. ಆದರೆ ವಲಯಗಳು ದೂರವಾದಂತೆ ದಿನನಿತ್ಯದ ಪ್ರಯಾಣವೂ ಉದ್ದವಾಯಿತು. 1982ರ ಏಷ್ಯನ್ ಕ್ರೀಡೆಗಳ ಸಡಗರದಲ್ಲಿ ಮೇಲ್ಸೇತುವೆಗಳು ಎದ್ದವು. ಮರುವರ್ಷದ ಡಿಸೆಂಬರಿನಲ್ಲಿ ಮಾರುತಿ ಕಾರು ಬಂತು. ಮಧ್ಯಮ ವರ್ಗದವನ ಕನಸು ಬಾಗಿಲಿಗೇ ಬಂದು ನಿಂತಂತಾಯಿತು. 2010ರ ಕಾಮನ್‌ವೆಲ್ತ್ ಕ್ರೀಡೆಗಳಿಗಾಗಿ ಮತ್ತಷ್ಟು ಮೇಲ್ಸೇತುವೆಗಳಾದವು. 2017ರಲ್ಲಿ ಇಲ್ಲಿ ನೋಂದಾಯಿತವಾದ ವಾಹನಗಳ ಸಂಖ್ಯೆ ಒಂದು ಕೋಟಿ ದಾಟಿತು.

ಇಷ್ಟಾದ ಮೇಲೆ ದಿಲ್ಲಿಯವರೆಲ್ಲ ಕಾರಿನಲ್ಲೇ ಓಡಾಡುತ್ತಾರೆಂದು ಯಾರಾದರೂ ತಿಳಿದರೆ ಅದು ತಪ್ಪು. 2011ರ ಜನಗಣತಿಯ ಪ್ರಕಾರ ದಿಲ್ಲಿಯಲ್ಲಿ ಕಾರಿದ್ದದ್ದು ಹೆಚ್ಚುಕಡಿಮೆ ಐದು ಮನೆಗಳಲ್ಲಿ ಒಂದಕ್ಕೆ ಮಾತ್ರ. ಉಳಿದ ನಾಲ್ಕು ಮನೆಗಳವರು ನಡೆದೋ, ಬಸ್ಸು ಹಿಡಿದೋ, ಸೈಕಲ್ ತುಳಿದೋ, ಸ್ಕೂಟರು ಏರಿಯೋ ತಮ್ಮ ದಾರಿ ನೋಡಿಕೊಳ್ಳಬೇಕಾಗಿತ್ತು. ಅಂದರೆ ಒಂದು ಮನೆಯ ಅನುಕೂಲಕ್ಕೆಂದು ರಸ್ತೆ ಅಗಲವಾಯಿತು. ಅದನ್ನು ದಾಟುವ ಕಷ್ಟ ನಾಲ್ಕು ಮನೆಗಳ ಪಾಲಿಗೆ ಬಂತು. ಈ ಕಷ್ಟಕ್ಕೆ ತೆರುವ ಬೆಲೆಯೂ ಸಣ್ಣದಲ್ಲ. 2022ರಲ್ಲಿ ದಿಲ್ಲಿಯ ರಸ್ತೆ ಅಪಘಾತಗಳಲ್ಲಿ 1,400ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಐವರಿಗೆ ಇಬ್ಬರಂತೆ, ಯಾವ ವಾಹನದಲ್ಲೂ ಇರದೆ ಕಾಲ್ನಡಿಗೆಯಲ್ಲಿದ್ದವರು.

ರಸ್ತೆ ಅಗಲ ಮಾಡಿದರೆ ಕಾರಿನವರಿಗಾದರೂ ಸುಖವುಂಟೇ? ಅದೂ ಇಲ್ಲ. ಒಂದು ಚೌಕದ ಮೇಲೆ ಸೇತುವೆ ಕಟ್ಟಿದರೆ ವಾಹನಗಳ ಗುಂಪು ಮುಂದಿನ ಚೌಕಕ್ಕೆ ಬೇಗ ಹೋಗಿ ಅಲ್ಲಿ ನಿಲ್ಲುತ್ತದೆ. ದಾರಿ ಸಲೀಸಾಯಿತೆಂದು ಕೇಳಿದ ಇನ್ನಷ್ಟು ಜನ ಕಾರು ಹೊರಗೆ ತೆಗೆಯುತ್ತಾರೆ. ನಾಲ್ಕೈದು ವರ್ಷಗಳಲ್ಲಿ ಕಥೆ ಮೊದಲಿನ ಪುಟಕ್ಕೇ ಮರಳುತ್ತದೆ. ಐವತ್ತು ಜನ ಒಂದು ಬಸ್ಸಿನಲ್ಲಿ ಹೋದರೆ ಹಿಡಿಯುವ ಜಾಗವೆಷ್ಟು, ಅದೇ ಐವತ್ತು ಜನ ಕಾರಿಗೊಬ್ಬರಂತೆ ಹೊರಟರೆ ಬೇಕಾಗುವ ಜಾಗವೆಷ್ಟು ಎಂಬುದನ್ನು ಲೆಕ್ಕ ಹಾಕಲು ಬಿ.ಎ. ಓದಬೇಕಾಗಿಲ್ಲ. ಸಾಗಿಸಬೇಕಾದದ್ದು ಜನರನ್ನು, ವಾಹನಗಳನ್ನಲ್ಲ ಎಂದು ಭಾರತ ಸರಕಾರದ ನಗರ ಸಾರಿಗೆ ನೀತಿಯೇ 2006ರಲ್ಲಿ ಹೇಳಿತು. ಹೇಳಿದ್ದು ಕಾಗದದಲ್ಲಿ ಉಳಿಯುವುದು ನಮ್ಮಂಥ ಕಾಗದದ ಕೆಲಸದವರಿಗೆ ಹೊಸದೇನಲ್ಲ.

ಈ ವಿಷಯ ಪ್ರವಾಸಿ ಕನ್ನಡಿಗರಾದ ನಮ್ಮನ್ನು ಇನ್ನೊಂದು ಕಡೆಯಿಂದಲೂ ಮುಟ್ಟುತ್ತದೆ. ವಯಸ್ಸಾದ ತಂದೆತಾಯಿಗಳನ್ನು ನಾವು ಊರಿನಿಂದ ಕರೆತರುತ್ತೇವೆ. ಊರಿನಲ್ಲಿ ಅವರು ದಿನಕ್ಕೆರಡು ಬಾರಿ ಹೊರಗೆ ಹೋಗಿ ಬರುವವರು: ಬೆಳಗ್ಗೆ ದೇವಸ್ಥಾನಕ್ಕೆ, ಸಂಜೆ ಕಟ್ಟೆಗೆ. ಇಲ್ಲಿ ಅವರ ಲೋಕ ಎರಡು ಕೋಣೆಗಳಿಗೆ ಇಳಿಯುತ್ತದೆ. ತಿಪಟೂರಿನ ಕಡೆಯಿಂದ ಬಂದ ನಮ್ಮ ತಾಯಿಯವರು ಮೂರನೆಯ ವಾರ ಕಿಟಕಿಯ ಬಳಿ ಕುಳಿತು, "ದೇವಸ್ಥಾನದ ಗೋಪುರ ಇಲ್ಲಿಂದಲೇ ಕಾಣುತ್ತಪ್ಪ, ಹೋಗೋಕೆ ಮಾತ್ರ ನೀನೇ ಬರಬೇಕು" ಎಂದರು. ದೂರವೆಂದರೆ ಕಾಲು ಮೈಲಿಯೂ ಇಲ್ಲ. ನಡುವೆ ಇದ್ದದ್ದು ಆರು ಸಾಲು ವಾಹನಗಳ ಒಂದು ರಸ್ತೆ, ಮತ್ತು ಅದನ್ನು ದಾಟಲು ನಲವತ್ತು ಚಿಲ್ಲರೆ ಮೆಟ್ಟಿಲುಗಳ ಒಂದು ಕಾಲ್ಸೇತುವೆ. ಮಂಡಿ ನೋವಿನವರಿಗೆ ಅದು ಬೆಟ್ಟದ ತಿರುಪತಿ. ಅವರು ಭಾನುವಾರಕ್ಕಾಗಿ ಕಾಯತೊಡಗಿದರು. ಎರಡು ತಿಂಗಳಿಗೆ ಊರು ನೆನಪಾಗಿ ಹೊರಟೇಬಿಟ್ಟರು.

ಸಿಗ್ನಲ್ ಇರುವ ಕಡೆಯಾದರೂ ದಾಟಬಹುದಲ್ಲ ಎನ್ನುವವರು ಈ ಲೆಕ್ಕವನ್ನು ನೋಡಬೇಕು. ನಡೆಯುವವನು ಸೆಕೆಂಡಿಗೆ 1.2 ಮೀಟರು ಹೋಗುತ್ತಾನೆಂದು ಹಿಡಿದು ಇಂಜಿನಿಯರುಗಳು ಸಾಮಾನ್ಯವಾಗಿ ಸಿಗ್ನಲ್ಲಿನ ಅವಧಿ ಗೊತ್ತುಮಾಡುತ್ತಾರೆ. 24 ಮೀಟರಿನ ರಸ್ತೆಗೆ ಹೀಗೆ 20 ಸೆಕೆಂಡು ಸಾಕಾಗುತ್ತದೆ. ಸೆಕೆಂಡಿಗೆ 0.8 ಮೀಟರು ನಡೆಯುವ ಮುದುಕಿಗೆ ಅದೇ ರಸ್ತೆಗೆ 30 ಸೆಕೆಂಡು ಬೇಕು. ಉಳಿದ ಹತ್ತು ಸೆಕೆಂಡು ಆಕೆ ಎಲ್ಲಿರುತ್ತಾಳೆ? ನಡುರಸ್ತೆಯಲ್ಲಿ, ಹಾರನ್ನುಗಳ ಎದುರಿಗೆ. ಹತ್ತು ಸೆಕೆಂಡು ಹೆಚ್ಚಿಗೆ ಕೊಡುವುದಕ್ಕೆ ಕೋಟಿಗಟ್ಟಲೆ ಹಣ ಬೇಡ, ಮನಸ್ಸು ಬೇಕು.

ದಿಲ್ಲಿಯಲ್ಲಿ ಏನೂ ಒಳ್ಳೆಯದಾಗಿಲ್ಲವೆಂದು ನಾವು ಹೇಳುತ್ತಿಲ್ಲ. ಹಾಗೆಂದರೆ ಅದು ಕೃತಘ್ನತೆಯಾದೀತು. ಕೊಂಕಣ ರೈಲ್ವೆಯನ್ನು ಕಟ್ಟಿ ನಮ್ಮ ಕಾರವಾರ, ಉಡುಪಿಗಳನ್ನು ಮುಂಬಯಿಗೆ ಹತ್ತಿರ ಮಾಡಿದ ಶ್ರೀ ಇ. ಶ್ರೀಧರನ್ನರೇ ಇಲ್ಲಿಯ ಮೆಟ್ರೋ ರೈಲಿಗೂ ಮುಂದಾಳಾಗಿದ್ದರು. 2002ರ ಡಿಸೆಂಬರಿನಲ್ಲಿ ಶಾಹ್‌ದರಾದಿಂದ ತೀಸ್ ಹಜಾರಿಯವರೆಗೆ ಎಂಟು ಚಿಲ್ಲರೆ ಕಿಲೋಮೀಟರಿನಿಂದ ಆರಂಭವಾದ ಆ ಮಾರ್ಗ ಇಂದು ನೋಯ್ಡಾ, ಗುರುಗ್ರಾಮಗಳನ್ನೂ ಸೇರಿಸಿಕೊಂಡು 390 ಕಿಲೋಮೀಟರಿಗೂ ಮಿಕ್ಕಿ ಹಬ್ಬಿದೆ. 2018ರಲ್ಲಿ ತೆರೆದ ಮೋತಿಬಾಗ್ ನಿಲ್ದಾಣಕ್ಕೆ ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿದೆ, ಗಾಡಿಯಲ್ಲಿ ಆ ಹೆಸರು ಕೂಗಿದಾಗ ನಮ್ಮ ಮಕ್ಕಳು ಒಬ್ಬರನ್ನೊಬ್ಬರು ನೋಡಿ ನಗುತ್ತಾರೆ. ನೆಲದಡಿಯಲ್ಲಿ ತಂಪಾಗಿ, ಹೊತ್ತಿಗೆ ಸರಿಯಾಗಿ ಪ್ರಯಾಣ ಮಾಡುವ ಭಾಗ್ಯ ನಮ್ಮದಾಗಿದೆ. ಕೊರತೆಯಿರುವುದು ನಿಲ್ದಾಣದ ಬಾಗಿಲಿನಿಂದ ಮನೆಯ ಬಾಗಿಲಿನವರೆಗಿನ ಅರ್ಧ ಮೈಲಿಯಲ್ಲಿ. ಮೆಟ್ರೋ ಏರುವವರೆಲ್ಲ ಮೊದಲು ಮತ್ತು ಕೊನೆಗೆ ನಡೆಯುವವರೇ. ಆ ಅರ್ಧ ಮೈಲಿಯಲ್ಲಿ ಕಲ್ಲು ಎದ್ದ ಫುಟ್‌ಪಾತು, ಅದರ ಮೇಲೆ ನಿಲ್ಲಿಸಿದ ಕಾರು, ಆರಿದ ದೀಪ ಇದ್ದರೆ ಹೆಣ್ಣುಮಕ್ಕಳು ರಾತ್ರಿ ಎಂಟರ ಮೇಲೆ ಹೊರಡಲು ಹಿಂಜರಿಯುತ್ತಾರೆ. ಕೈಯಲ್ಲಿ ಹಣವಿದ್ದವರು ಮತ್ತೆ ಕಾರನ್ನೇ ಕೊಳ್ಳುತ್ತಾರೆ. ಅವರನ್ನು ದೂರುವ ಹಾಗೂ ಇಲ್ಲ.

ಬಸ್ಸಿಗೆ ಪ್ರತ್ಯೇಕ ದಾರಿ ಕೊಡುವ ಪ್ರಯತ್ನವೂ ಇಲ್ಲಿ ನಡೆಯಿತು. 2008ರಲ್ಲಿ ಅಂಬೇಡ್ಕರ್ ನಗರದಿಂದ ಮೂಲ್‌ಚಂದ್‌ವರೆಗೆ 5.8 ಕಿಲೋಮೀಟರು ಉದ್ದ ರಸ್ತೆಯ ನಡುಭಾಗವನ್ನು ಬಸ್ಸಿಗೆಂದೇ ಬಿಟ್ಟರು. ಕಾರಿನವರ ಸಾಲು ಇಕ್ಕಟ್ಟಾಯಿತು, ಗದ್ದಲ ಎದ್ದಿತು. 2012ರಲ್ಲಿ ಉಚ್ಚ ನ್ಯಾಯಾಲಯವು ಈ ವ್ಯವಸ್ಥೆಯನ್ನು ರದ್ದುಮಾಡಲು ಒಪ್ಪಲಿಲ್ಲ. ಆದರೂ 2016ರಲ್ಲಿ ಸರಕಾರ ಅದನ್ನು ಕಿತ್ತುಹಾಕಿತು. ಅದರಲ್ಲಿ ದೋಷಗಳಿದ್ದವು, ನಿಜ. ನಿಲ್ದಾಣ ನಡುರಸ್ತೆಯಲ್ಲಿದ್ದುದರಿಂದ ಜನ ವಾಹನಗಳ ನಡುವೆ ದಾಟಬೇಕಾಗಿತ್ತು, ಬಸ್ಸಿನ ದಾರಿಗೆ ಮೋಟಾರ್ ಸೈಕಲ್ಲುಗಳು ನುಗ್ಗುತ್ತಿದ್ದವು. ಆದರೆ ದೋಷ ತಿದ್ದುವುದು ಬೇರೆ, ಬೇರು ಕೀಳುವುದು ಬೇರೆ. ನಮ್ಮ ಹುಬ್ಬಳ್ಳಿ ಧಾರವಾಡಗಳ ನಡುವೆ ಸುಮಾರು 22 ಕಿಲೋಮೀಟರಿನ ಇಂಥದೇ ದಾರಿಯಲ್ಲಿ 2018ರಿಂದ "ಚಿಗರಿ" ಬಸ್ಸುಗಳು ಓಡತೊಡಗಿದವು. ಅಲ್ಲಿಯೂ ದೂರುಗಳುಂಟು. ಆದರೂ ಧಾರವಾಡದ ವಿದ್ಯಾರ್ಥಿಗೆ ಹುಬ್ಬಳ್ಳಿ ಹತ್ತಿರವಾದದ್ದನ್ನು ಆ ಕಡೆಯ ಓದುಗರು ಬಲ್ಲರು.

ನಡೆಯುವವರಿಗೆ ಜಾಗ ಕೊಟ್ಟರೆ ವ್ಯಾಪಾರ ಕೆಡುತ್ತದೆಂಬ ಭಯ ಅನೇಕರಿಗಿದೆ. ಆ ಭಯವಿರುವವರು ಚಾಂದನಿ ಚೌಕಕ್ಕೆ ಹೋಗಿ ಬರಬೇಕು. ಕೆಂಪುಕೋಟೆಯಿಂದ ಫತೇಪುರಿ ಮಸೀದಿಯವರೆಗೆ ಸುಮಾರು 1.3 ಕಿಲೋಮೀಟರು ಬೀದಿಯನ್ನು ಹೊಸದಾಗಿ ಕಟ್ಟಿ 2021ರ ಸೆಪ್ಟೆಂಬರಿನಲ್ಲಿ ತೆರೆದರು. ಬೆಳಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತರವರೆಗೆ ಮೋಟಾರು ವಾಹನಗಳಿಗೆ ಅಲ್ಲಿ ಪ್ರವೇಶ ನಿಷೇಧಿಸಿದರು. ಕಾವಲು ಸಡಿಲವಾದಾಗ ಸ್ಕೂಟರುಗಳು ನುಸುಳುವುದುಂಟು. ಆದರೆ ಮಗುವಿನ ಕೈ ಬಿಟ್ಟು ಎರಡು ಹೆಜ್ಜೆ ನಡೆಯಬಹುದಾದ ಬೀದಿ ದಿಲ್ಲಿಯ ನಟ್ಟನಡುವೆ ಸಾಧ್ಯವೆಂಬುದನ್ನು ಅದು ತೋರಿಸಿಕೊಟ್ಟಿತು. ಬಸ್ಸಿನ ಕಡೆಯೂ ಕೆಲವು ಹೆಜ್ಜೆಗಳು ಬಿದ್ದಿವೆ. 2019ರ ಅಕ್ಟೋಬರಿನಲ್ಲಿ ದಿಲ್ಲಿ ಸರಕಾರ ಬಸ್ಸುಗಳಲ್ಲಿ ಹೆಂಗಸರಿಗೆ ಉಚಿತ ಪ್ರಯಾಣ ಕೊಟ್ಟಿತು. ಕರ್ನಾಟಕದಲ್ಲಿ 2023ರ ಜೂನಿನಿಂದ "ಶಕ್ತಿ" ಯೋಜನೆ ಬಂತು. 2025ರ ಮೇ ತಿಂಗಳಲ್ಲಿ ಬಡಾವಣೆಗಳ ಒಳಗೂ ಹೋಗಬಲ್ಲ ಒಂಬತ್ತು ಮೀಟರಿನ ಸಣ್ಣ ವಿದ್ಯುತ್ ಬಸ್ಸುಗಳು ಇಲ್ಲಿ ಹೊರಟವು.

ಕಾನೂನೂ ಈಗ ನಮ್ಮ ಪಕ್ಷದಲ್ಲಿದೆ. ಫುಟ್‌ಪಾತು ಬಳಸುವ ಹಕ್ಕು ಸಂವಿಧಾನದ 21ನೆಯ ವಿಧಿಯ, ಅಂದರೆ ಬದುಕುವ ಹಕ್ಕಿನ, ಒಂದು ಅಂಗವೆಂದು ಸರ್ವೋಚ್ಚ ನ್ಯಾಯಾಲಯ 2025ರ ಮೇ ತಿಂಗಳಲ್ಲಿ ಸಾರಿತು. ಫುಟ್‌ಪಾತು ಎಷ್ಟಿರಬೇಕೆಂಬುದಕ್ಕೂ ಅಳತೆಯಿದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸು 2012ರಲ್ಲಿ ಗೊತ್ತುಮಾಡಿದಂತೆ ಅಡ್ಡಿಯಿಲ್ಲದ ಅಗಲ ಕಡಿಮೆಯೆಂದರೆ 1.8 ಮೀಟರು; ಅಂಚಿನ ಎತ್ತರ 150 ಮಿಲಿಮೀಟರನ್ನು ಮೀರಬಾರದು. ಅಂಚು ಅದಕ್ಕಿಂತ ಎತ್ತರವಾದರೆ ಮಂಡಿ ನೋವಿನವರು ಕೆಳಗಿಳಿದು ರಸ್ತೆಯಲ್ಲೇ ನಡೆಯುತ್ತಾರೆ.

ಹಾಗಾದರೆ ನಾವು ಮಾಡಬಹುದಾದದ್ದೇನು? ಅಳತೆಯ ಪಟ್ಟಿಯೊಂದು ಪ್ರತಿ ಮನೆಯಲ್ಲೂ, ಕೊನೆಗೆ ಹೊಲಿಗೆಯ ಪೆಟ್ಟಿಗೆಯಲ್ಲಾದರೂ, ಇರುತ್ತದೆ. ಒಂದು ಭಾನುವಾರ ಮಕ್ಕಳೊಡನೆ ಮನೆಯಿಂದ ಬಸ್ ನಿಲ್ದಾಣದವರೆಗೆ ನಡೆದು, ಫುಟ್‌ಪಾತಿನ ಅಗಲ, ಅಂಚಿನ ಎತ್ತರ, ಆರಿದ ದೀಪಗಳು, ತೆರೆದ ಗುಂಡಿಗಳು ಇವನ್ನು ಗುರುತುಹಾಕಿಕೊಳ್ಳಬಹುದು. "ರಸ್ತೆ ಸರಿಯಿಲ್ಲ" ಎಂಬ ಅರ್ಜಿ ಯಾವ ಮೇಜಿನ ಮೇಲೆ ಮಲಗುತ್ತದೆಂಬುದನ್ನು ಗುಮಾಸ್ತರಾದ ನಾವು ಚೆನ್ನಾಗಿ ಬಲ್ಲೆವು. ಇಂಥ ಕಂಬದಿಂದ ಇಂಥ ಕಂಬದವರೆಗೆ ಇಷ್ಟು ಅಗಲ ಕಡಿಮೆ, ಇಷ್ಟು ದೀಪಗಳು ಉರಿಯುತ್ತಿಲ್ಲ ಎಂದು ಅಳತೆ, ತಾರೀಖು, ಸಹಿಗಳೊಡನೆ ಬಂದ ಅರ್ಜಿಗೆ ಯಾರಾದರೂ ಏನಾದರೂ ಷರಾ ಬರೆಯಲೇಬೇಕಾಗುತ್ತದೆ. ಬಡಾವಣೆಯ ನಿವಾಸಿಗಳ ಸಂಘದಲ್ಲಿ ಕಾರು ನಿಲ್ಲಿಸುವ ಜಾಗದ ಚರ್ಚೆ ಬಂದಾಗ, ನಡೆಯುವ ಜಾಗದ ಮಾತನ್ನೂ ಅದೇ ಸಭೆಯ ನಡವಳಿಯಲ್ಲಿ ಬರೆಸಬೇಕು.

ನಮ್ಮ ಸಂಘಗಳಿಗೂ ಒಂದು ಸೂಚನೆಯುಂಟು. ನಾಟಕಕ್ಕಾಗಲಿ ರಾಜ್ಯೋತ್ಸವಕ್ಕಾಗಲಿ ಆಹ್ವಾನಪತ್ರಿಕೆ ಅಚ್ಚುಮಾಡುವಾಗ "ಕಾರು ನಿಲ್ಲಿಸಲು ಸ್ಥಳಾವಕಾಶವಿದೆ" ಎಂಬ ಸಾಲಿನ ಮೇಲೆ, ಹತ್ತಿರದ ಮೆಟ್ರೋ ನಿಲ್ದಾಣ, ಅದರ ಯಾವ ಬಾಗಿಲಿನಿಂದ ಹೊರಬರಬೇಕು, ಯಾವ ನಂಬರಿನ ಬಸ್ಸು ಬರುತ್ತದೆ ಎಂಬುದನ್ನು ಹಾಕಿಸಲಿ. ಕಾರ್ಯಕ್ರಮವನ್ನು ರಾತ್ರಿ ಎಂಟೂವರೆಗೆ ಮುಗಿಸಲಿ. ಆ ಬಾಗಿಲಿನ ಬಳಿ ಇಬ್ಬರು ಯುವಕರು ನಿಂತು, ಬರುವಾಗಲೂ ಹೋಗುವಾಗಲೂ ಹಿರಿಯರನ್ನು ರಸ್ತೆ ದಾಟಿಸಲಿ. ಖರ್ಚೆಂದರೆ ಆ ಇಬ್ಬರಿಗೆ ಎರಡೆರಡು ಕಪ್ಪು ಕಾಫಿ.